ಸೈಕಲ್ ಕಟ್ಟೆ: ಮುಳ್ಳು, ಮಂಡಿನೋವು, ಮಳೆಗಾಲದ ಚೈನು

ಈ ತಿಂಗಳು ಬಂದ ಪತ್ರಗಳಲ್ಲಿ ಹೊಸ ಸೈಕಲ್ ಕೊಳ್ಳುವವರ ಪ್ರಶ್ನೆ ಕಡಿಮೆ. ಇರುವ ಸೈಕಲ್ಲನ್ನು ಮೂಲೆಗೆ ನಿಲ್ಲಿಸಿದವರದೇ ಜಾಸ್ತಿ. ಮೈಸೂರಿನ ನನ್ನ ರಿಪೇರಿ ಅಂಗಡಿಗೂ ಇಂಥವರೇ ಹೆಚ್ಚು ಬರುತ್ತಾರೆ. ಬಹಳಷ್ಟು ಸಲ ಸೈಕಲ್‌ಗೆ ದೊಡ್ಡದೇನೂ ಆಗಿರುವುದಿಲ್ಲ. ಗಾಳಿ ಸಾಲದು, ಸೀಟಿನ ಎತ್ತರ ಸರಿಯಿಲ್ಲ, ಚೈನು ಒಣಗಿದೆ. ಅಷ್ಟಕ್ಕೇ ಜನ ತುಳಿಯುವುದನ್ನೇ ಬಿಟ್ಟುಬಿಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಕೆಲವು ಉತ್ತರಗಳನ್ನು ಬಿಡಿಸಿ ಬಿಡಿಸಿ ಬರೆದಿದ್ದೇನೆ.

ಪ್ರಶ್ನೆ: ಶಾಲೆಗೆ ದಿನಾ ಸೈಕಲ್‌ನಲ್ಲೇ ಹೋಗುತ್ತೇನೆ. ಹೋಗಿ ಬರಲು ಹನ್ನೆರಡು ಕಿಲೋಮೀಟರ್. ವಾರಕ್ಕೆ ಎರಡು ಸಲವಾದರೂ ಪಂಚರ್. ಟ್ಯೂಬ್ ಹೊಸದು ಹಾಕಿಸಿದೆ, ಮಾರನೇ ದಿನವೇ ಮತ್ತೆ ಗಾಳಿ ಇಳಿಯಿತು. ಸ್ಕೂಟಿ ತೆಗೆದುಕೊಳ್ಳಿ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಏನು ಮಾಡಲಿ?
— ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಉತ್ತರ: ಸ್ಕೂಟಿ ಮಾತು ಸ್ವಲ್ಪ ತಡೆಯಲಿ ಮೇಡಂ. ಹೊಸ ಟ್ಯೂಬ್ ಮಾರನೇ ದಿನವೇ ಹೋಯಿತು ಅಂದರೆ ಹಳೆ ಮುಳ್ಳು ಇನ್ನೂ ಟೈರಿನೊಳಗೇ ಕೂತಿದೆ ಅಂತ ಅರ್ಥ.

ನಿಮ್ಮ ಕಡೆ ಎರಡು ಶತ್ರುಗಳಿವೆ. ಒಂದು ಬಳ್ಳಾರಿ ಜಾಲಿ. ಸೌದೆಗೆ, ಬೇಲಿಗೆ ಅಂತ ಕಡಿದು ಎಳೆದುಕೊಂಡು ಹೋಗುವಾಗ ರಸ್ತೆ ತುಂಬಾ ಮುಳ್ಳು ಉದುರುತ್ತದೆ. ಉದ್ದ, ಗಟ್ಟಿ ಮುಳ್ಳು. ಟೈರ್ ತೂರಿ ಒಳಗೆ ಹೋಗಿ ಮುರಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ತುದಿ ಮಾತ್ರ ಒಳಗೇ ಇರುತ್ತದೆ. ಇನ್ನೊಂದು ನೆಗ್ಗಿಲು. ನೆಲಕ್ಕೆ ಹಬ್ಬುವ ಗಿಡ, ಹಳದಿ ಹೂವು, ಕೊಂಬಿರುವ ಸಣ್ಣ ಕಾಯಿ. ರಸ್ತೆಯ ಅಂಚಿನ ಮಣ್ಣಿನಲ್ಲಿ ಒಣಗಿ ಬಿದ್ದಿರುತ್ತದೆ. ಹೇಗೆ ಬಿದ್ದರೂ ಒಂದು ಕೊಂಬು ಮೇಲಕ್ಕೇ ಇರುತ್ತದೆ.

ಈಗ ಕೆಲಸಕ್ಕೆ ಬರೋಣ. ಟೈರ್ ಹಾಕುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಟೈರಿನ ಮೇಲೆ ಕಂಪನಿ ಹೆಸರು ಬರೆದಿರುವ ಜಾಗ ಯಾವಾಗಲೂ ವಾಲ್ವ್ ಎದುರಿಗೇ ಬರಬೇಕು. ಹಾಗೆ ಹಾಕಿದ್ದರೆ ಪಂಚರ್ ಆದಾಗ ಟ್ಯೂಬನ್ನು ಹೊರಗೆ ತೆಗೆದು ಗಾಳಿ ತುಂಬಿಸಿ ತೂತು ಹುಡುಕಿ. ಅದು ವಾಲ್ವ್‌ನಿಂದ ಎಷ್ಟು ದೂರದಲ್ಲಿದೆ ನೋಡಿ. ಟೈರಿನಲ್ಲೂ ಹೆಸರಿರುವ ಜಾಗದಿಂದ ಅಷ್ಟೇ ದೂರದಲ್ಲಿ ಮುಳ್ಳು ಇರುತ್ತದೆ. ಟ್ಯೂಬ್ ಯಾವ ಕಡೆ ತಿರುಗಿತ್ತು ಅಂತ ಮರೆತಿದ್ದರೆ ಎರಡೂ ಕಡೆ ಹುಡುಕಿ. ಇಡೀ ಟೈರ್ ತಡಕಾಡುವ ಕೆಲಸ ಉಳಿಯುತ್ತದೆ.

ಮುಳ್ಳನ್ನು ಬರಿ ಬೆರಳಲ್ಲಿ ಹುಡುಕಬೇಡಿ. ಚುಚ್ಚಿಕೊಳ್ಳುತ್ತೀರಿ, ಸಣ್ಣ ತುದಿಯಾದರೆ ಬೆರಳಿಗೆ ಗೊತ್ತೂ ಆಗುವುದಿಲ್ಲ. ಒಂದು ಹಿಡಿ ಹತ್ತಿ ತೆಗೆದುಕೊಂಡು ಟೈರಿನ ಒಳಭಾಗಕ್ಕೆ ಒರೆಸುತ್ತಾ ಒಂದು ಸುತ್ತು ಬನ್ನಿ. ಮುಳ್ಳಿನ ತುದಿ ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಅಲ್ಲಿ ಟೈರನ್ನು ಬಗ್ಗಿಸಿ, ಹೊರಗಿನಿಂದ ಸೂಜಿಯಲ್ಲಿ ಒತ್ತಿ, ಒಳಗಿನಿಂದ ಚಿಮುಟದಲ್ಲಿ ಎಳೆಯಿರಿ. ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ. ಜಾಲಿ ರಸ್ತೆಯಲ್ಲಿ ಓಡಾಡುವ ಟೈರಿನಲ್ಲಿ ಎರಡು ಮೂರು ಇರುವುದು ಸಾಮಾನ್ಯ.

ತೂತು ಎಲ್ಲಿದೆ ಅನ್ನುವುದೂ ಕಾರಣ ಹೇಳುತ್ತದೆ. ಟ್ಯೂಬಿನ ಹೊರಮೈಯಲ್ಲಿ ಒಂದೇ ಸಣ್ಣ ತೂತಿದ್ದರೆ ಮುಳ್ಳು. ಅಕ್ಕಪಕ್ಕ ಎರಡು ಸೀಳು ಇದ್ದರೆ ಗಾಳಿ ಕಡಿಮೆಯಾಗಿ ಗುಂಡಿಯಲ್ಲಿ ಟ್ಯೂಬ್ ರಿಮ್ಮಿಗೆ ಜಜ್ಜಿದೆ. ಒಳಮೈಯಲ್ಲಿ, ಅಂದರೆ ರಿಮ್ ಕಡೆ ತೂತಿದ್ದರೆ ಕಡ್ಡಿಯ ತುದಿ ತಾಗುತ್ತಿದೆ. ಆಗ ರಿಮ್ ಒಳಗಿನ ಪಟ್ಟಿ ಸರಿದಿದೆಯಾ, ಹರಿದಿದೆಯಾ ನೋಡಿ ಬದಲಾಯಿಸಿ. ಎಷ್ಟೇ ಒಳ್ಳೆ ಟೈರ್ ಹಾಕಿದರೂ ಈ ಪಟ್ಟಿ ಸರಿಯಿಲ್ಲದೆ ಪಂಚರ್ ನಿಲ್ಲುವುದಿಲ್ಲ.

ಪ್ಯಾಚ್ ಹಾಕುವಾಗ ಜನ ಅವಸರ ಮಾಡುವುದು ಸಲ್ಯೂಷನ್ ಹತ್ತಿರ. ಸ್ಯಾಂಡ್‌ಪೇಪರ್‌ನಲ್ಲಿ ಹೊಳಪು ಹೋಗುವ ತನಕ ಉಜ್ಜಿ, ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ತೆಳುವಾಗಿ ಸಲ್ಯೂಷನ್ ಹಚ್ಚಿ, ಐದು ನಿಮಿಷ ಸುಮ್ನೆ ಬಿಡಿ. ಹಸಿಯಿದ್ದಾಗಲೇ ಅಂಟಿಸಿದರೆ ನಿಲ್ಲುವುದಿಲ್ಲ. ಒಣಗಿದ ಮೇಲೆ ಪ್ಯಾಚ್ ಇಟ್ಟು, ನಡುವಿನಿಂದ ಅಂಚಿಗೆ ಗಟ್ಟಿಯಾಗಿ ಒತ್ತಿ. ಮೇಲೆ ಸ್ವಲ್ಪ ಪೌಡರ್ ಉದುರಿಸಿದರೆ ಟೈರಿಗೆ ಅಂಟಿಕೊಳ್ಳುವುದಿಲ್ಲ.

ಇನ್ನು ಮುಂದಕ್ಕೆ: ಟೈರ್ ಮತ್ತು ಟ್ಯೂಬ್ ನಡುವೆ ಹಾಕುವ ಲೈನರ್ ಪಟ್ಟಿ ಸಿಗುತ್ತದೆ. ಸೈಕಲ್ ಸ್ವಲ್ಪ ಭಾರ ಅನ್ನಿಸಬಹುದು, ಆದರೆ ನಿಮ್ಮ ಊರಿಗೆ ಅದು ಬೇಕೇ ಬೇಕು. ಟ್ಯೂಬಿನೊಳಗೆ ಹಾಕುವ ಸೀಲೆಂಟ್ ದ್ರವವೂ ಸಣ್ಣ ತೂತುಗಳನ್ನು ಮುಚ್ಚುತ್ತದೆ, ಆದರೆ ಕೆಲವು ತಿಂಗಳಲ್ಲಿ ಒಣಗುತ್ತದೆ, ಮತ್ತೆ ಹಾಕಬೇಕು. ಎರಡರಲ್ಲಿ ಒಂದೇ ಅಂದರೆ ನಾನು ಲೈನರ್ ಹಾಕಿಸಿ ಅನ್ನುತ್ತೇನೆ. ಎದುರಿಂದ ಬಸ್ಸು ಲಾರಿ ಬಂದು ಮಣ್ಣಿಗೆ ಇಳಿಯಲೇಬೇಕಾದರೆ ಇಳಿಯಿರಿ, ಆದರೆ ತಕ್ಷಣ ಡಾಂಬರಿಗೆ ಹತ್ತಿ. ನೆಗ್ಗಿಲು ಇರುವುದೇ ಆ ಅಂಚಿನಲ್ಲಿ.

ಒತ್ತಡ ತೋರಿಸುವ ಗೇಜ್ ಇರುವ, ನಿಂತು ಹೊಡೆಯುವ ಪಂಪ್ ಒಂದು ಮನೆಯಲ್ಲಿರಲಿ. ಪಂಚರ್ ಆಗದಿದ್ದರೂ ಟ್ಯೂಬಿನಿಂದ ಗಾಳಿ ನಿಧಾನಕ್ಕೆ ಇಳಿಯುತ್ತಲೇ ಇರುತ್ತದೆ. ವಾರಕ್ಕೊಮ್ಮೆ ನೋಡಿ. ಟೈರ್ ಪಕ್ಕದಲ್ಲಿ ಕನಿಷ್ಠ, ಗರಿಷ್ಠ ಒತ್ತಡ ಅಚ್ಚಾಗಿರುತ್ತದೆ. ನಿಮ್ಮದು 26 × 1.95 ಟೈರ್ ಆಗಿದ್ದರೆ, ಸಾಧಾರಣ ತೂಕದವರಿಗೆ ಡಾಂಬರು ರಸ್ತೆಯಲ್ಲಿ 40ರಿಂದ 45 ಪಿ.ಎಸ್.ಐ. ಸಾಕು. ಹಿಂದಿನ ಚಕ್ರಕ್ಕೆ ಸ್ವಲ್ಪ ಜಾಸ್ತಿ.

ಪ್ರಶ್ನೆ: ಅರ್ಧ ಗಂಟೆ ತುಳಿದರೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಗ್ಲೌಸ್ ಹಾಕಿದರೂ ಅಷ್ಟೇ.
— ಓದುಗರು, ಹಾಸನ

ಉತ್ತರ: ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ನರ ಒತ್ತುತ್ತಿದೆ. ನಿಮ್ಮ ಮೈಭಾರ ಸೀಟಿಗಿಂತ ಹ್ಯಾಂಡಲ್ ಮೇಲೆ ಜಾಸ್ತಿ ಬೀಳುತ್ತಿದೆ. ಮೊದಲು ಸೀಟಿನ ಮೂತಿ ಕೆಳಗೆ ಬಾಗಿದೆಯಾ ನೋಡಿ. ಬಾಗಿದ್ದರೆ ಮಟ್ಟ ಮಾಡಿಸಿ, ಯಾಕೆಂದರೆ ನೀವು ಮುಂದಕ್ಕೆ ಜಾರುತ್ತಾ ಕೈಯಲ್ಲಿ ತಡೆಯುತ್ತಿರುತ್ತೀರಿ. ಆಮೇಲೆ ಹ್ಯಾಂಡಲ್ ಸ್ವಲ್ಪ ಎತ್ತರಿಸಿ. ಮೊಣಕೈ ಸೆಟೆಸಬೇಡಿ, ಹಿಡಿತದ ಜಾಗ ಆಗಾಗ ಬದಲಾಯಿಸಿ. ಇಷ್ಟು ಮಾಡಿಯೂ ಸೈಕಲ್ ಇಳಿದ ಮೇಲೆ ಜೋಮು ಹಾಗೇ ಉಳಿದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ವಯಸ್ಸು 42, ಬ್ಯಾಂಕ್ ಕೆಲಸ. ಎರಡು ತಿಂಗಳಿಂದ ಬೆಳಿಗ್ಗೆ ಸೈಕಲ್ ತುಳಿಯುತ್ತಿದ್ದೇನೆ. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟ ಹತ್ತುತ್ತೇನೆ. ಈಗ ಎರಡೂ ಮಂಡಿಯ ಮುಂಭಾಗ ನೋವು, ಮೆಟ್ಟಿಲು ಹತ್ತುವಾಗ ಜಾಸ್ತಿ. ಸೈಕ್ಲಿಂಗ್ ಮಂಡಿಗೆ ಒಳ್ಳೆಯದು ಅಂತಾರೆ, ನನಗೆ ಯಾಕೆ ಹೀಗೆ?
— ಮೈಸೂರು

ಉತ್ತರ: ನಮ್ಮೂರಿನವರೇ ಆಗಿದ್ದೀರಿ. ಒಂದು ದಿನ ಅಂಗಡಿಗೆ ಸೈಕಲ್ ತಂದರೆ ನಾನೇ ನೋಡುತ್ತೇನೆ. ಅಲ್ಲಿಯ ತನಕ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ.

ಮಂಡಿಯ ಮುಂಭಾಗ ನೋವು ಅಂದ ತಕ್ಷಣ ಮೊದಲು ನೋಡಬೇಕಾದ್ದು ಸೀಟಿನ ಎತ್ತರ. ನಮ್ಮಲ್ಲಿ ಎಲ್ಲರೂ ಸೀಟಿನ ಮೇಲೆ ಕೂತೇ ಎರಡೂ ಪಾದ ನೆಲಕ್ಕೆ ಊರಬೇಕು ಅಂತ ಸೀಟು ಇಳಿಸಿಕೊಳ್ಳುತ್ತಾರೆ. ಕಲಿಯುವವರಿಗೆ ಅದು ಸರಿ. ಆದರೆ ಹಾಗೆ ಕೂತು ತುಳಿದರೆ ಪೆಡಲ್ ಮೇಲೆ ಬಂದಾಗ ಮಂಡಿ ವಿಪರೀತ ಮಡಚುತ್ತದೆ, ಆ ಮಡಚಿದ ಸ್ಥಿತಿಯಲ್ಲೇ ಬಲ ಹಾಕಬೇಕಾಗುತ್ತದೆ. ಮಂಡಿ ಚಿಪ್ಪಿನ ಮೇಲೆ ಒತ್ತಡ ಬೀಳುವುದು ಆಗಲೇ.

ಗೋಡೆಗೆ ಒರಗಿ ಸೈಕಲ್ ಮೇಲೆ ಕೂತುಕೊಳ್ಳಿ. ದಿನಾ ಹಾಕುವ ಶೂ ಇರಲಿ. ಒಂದು ಪೆಡಲ್ ಪೂರ್ತಿ ಕೆಳಗೆ ಬರಲಿ, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ಇದು ನಿಮ್ಮ ಎತ್ತರ. ಆಮೇಲೆ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಅಷ್ಟೇ ಬೇಕಾದ್ದು. ನಿಮ್ಮ ಸೀಟು ತುಂಬಾ ಕೆಳಗಿದ್ದರೆ ಒಂದೇ ದಿನ ಏರಿಸಬೇಡಿ, ಎರಡು ಮೂರು ದಿನಕ್ಕೊಮ್ಮೆ ಅರ್ಧ ಸೆಂಟಿಮೀಟರ್ ಏರಿಸುತ್ತಾ ಹೋಗಿ. ಸೀಟಿನ ಕಂಬದ ಮೇಲೆ ಇಷ್ಟರ ಮೇಲೆ ಎಳೆಯಬಾರದು ಅನ್ನುವ ಗೆರೆ ಇರುತ್ತದೆ, ಅದು ಹೊರಗೆ ಕಾಣಬಾರದು. ಮಂಡಿಯ ಹಿಂಭಾಗ ಎಳೆಯಲು ಶುರುವಾದರೆ ಜಾಸ್ತಿ ಏರಿಸಿದ್ದೀರಿ, ಸ್ವಲ್ಪ ಇಳಿಸಿ.

ಸಿಗ್ನಲ್‌ನಲ್ಲಿ ನಿಲ್ಲುವುದು ಹೇಗೆ ಅಂತ ಕೇಳುತ್ತೀರಿ. ಸೀಟಿನಿಂದ ಮುಂದಕ್ಕೆ ಇಳಿದು, ಸೈಕಲ್ಲಿನ ಅಡ್ಡ ಪೈಪಿನ ಎರಡೂ ಕಡೆ ಕಾಲಿಟ್ಟು ನಿಲ್ಲಿ. ಎರಡು ದಿನದಲ್ಲಿ ರೂಢಿಯಾಗುತ್ತದೆ.

ಎರಡನೆಯದು ಗೇರ್. ಬೆಟ್ಟ ಹತ್ತುವಾಗ ನೀವು ಮುಂದೆ ಪೆಡಲ್ ಪಕ್ಕದ ದೊಡ್ಡ ಹಲ್ಲಿನ ಚಕ್ರದಲ್ಲೇ ಇರುತ್ತೀರಿ ಅಂತ ನನ್ನ ಅನುಮಾನ. ಬಲ ಹಾಕಿ ನಿಧಾನಕ್ಕೆ ತುಳಿಯುವುದೇ ಒಳ್ಳೆ ವ್ಯಾಯಾಮ ಅಂತ ತುಂಬಾ ಜನ ನಂಬಿದ್ದಾರೆ. ಆ ನಂಬಿಕೆ ಮಂಡಿ ಕೆಡಿಸುತ್ತದೆ. ಹಗುರ ಗೇರ್ ಹಾಕಿ, ಕಾಲು ಬೇಗ ಬೇಗ ತಿರುಗಲಿ. ಬಲ ಮಂಡಿ ಅರ್ಧ ನಿಮಿಷದಲ್ಲಿ ಎಷ್ಟು ಸಲ ಮೇಲೆ ಬರುತ್ತದೆ ಎಣಿಸಿ. ಸಮತಟ್ಟು ರಸ್ತೆಯಲ್ಲಿ 40ರ ಆಸುಪಾಸು ಬಂದರೆ ಚೆನ್ನ. 25 ಬಂದರೆ ಗೇರ್ ಭಾರವಾಗಿದೆ. ಬೆಟ್ಟದಲ್ಲಿ ಇಷ್ಟು ಬರುವುದಿಲ್ಲ, ಪರವಾಗಿಲ್ಲ, ಆದರೆ ಮುಂದೆ ಚಿಕ್ಕ ಹಲ್ಲಿನ ಚಕ್ರ, ಹಿಂದೆ ದೊಡ್ಡ ಹಲ್ಲಿನ ಚಕ್ರ ಇರಲೇಬೇಕು. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ನಡುವೆ ಒತ್ತಡದಲ್ಲಿ ಬದಲಾಯಿಸಿದರೆ ಚೈನಿಗೂ ಪೆಟ್ಟು.

ನೋವು ಪೂರ್ತಿ ಹೋಗುವ ತನಕ ಬೆಟ್ಟ ಬೇಡ. ರಿಂಗ್ ರಸ್ತೆಯಲ್ಲೋ ಕುಕ್ಕರಹಳ್ಳಿ ಕೆರೆಯ ಸುತ್ತಲಿನ ರಸ್ತೆಗಳಲ್ಲೋ ಹಗುರವಾಗಿ ತುಳಿಯಿರಿ. ವಾರಕ್ಕೆ ಎರಡು ದಿನ ತೊಡೆಗೂ ಸೊಂಟಕ್ಕೂ ಬಲ ಬರುವ ವ್ಯಾಯಾಮ ಮಾಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದೇ ಸಾಕು, ನಿಧಾನಕ್ಕೆ ಹತ್ತು ಸಲದಂತೆ ಮೂರು ಸುತ್ತು. ಮಂಡಿ ಊದಿಕೊಂಡಿದ್ದರೆ, ಸಿಕ್ಕಿಕೊಂಡಂತೆ ಆದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಸೀಟು ಸರಿಮಾಡುತ್ತಾ ಕೂರಬೇಡಿ. ಮೂಳೆ ವೈದ್ಯರನ್ನು ನೋಡಿ.

ಪ್ರಶ್ನೆ: ಮಗ ಪಿಯುಸಿಗೆ ಸೇರಿದ್ದಾನೆ. ಕಾಲೇಜು ಆರು ಕಿಲೋಮೀಟರ್. ದಪ್ಪ ಟೈರು, ಎರಡು ಕಡೆ ಶಾಕ್, ಡಿಸ್ಕ್ ಬ್ರೇಕ್, 21 ಗೇರ್ ಇರುವುದೇ ಬೇಕು ಅಂತ ಹಟ. ನಮ್ಮ ಕೈಯಲ್ಲಿರುವುದು ಹದಿನೈದು ಸಾವಿರ.
— ತಾಯಿ, ತುಮಕೂರು

ಉತ್ತರ: ಅಕ್ಕ, ಈ ಉತ್ತರವನ್ನು ಮಗನಿಗೂ ಓದಲು ಕೊಡಿ.

ತಮ್ಮಾ, ನಾಲ್ಕು ಇಂಚಿನ ದಪ್ಪ ಟೈರ್ ಹುಟ್ಟಿದ್ದು ಹಿಮಕ್ಕೆ, ಮರಳಿಗೆ. ತುಮಕೂರಿನ ಡಾಂಬರಿನಲ್ಲಿ ಅದನ್ನು ಎಳೆಯುವುದೇ ಒಂದು ಕೆಲಸ. ಒಳ್ಳೆ ಶಾಕ್ ಇರುವ ಸೈಕಲ್‌ಗೆ ಬೆಲೆ ತುಂಬಾ ಜಾಸ್ತಿ. ಈ ಬೆಲೆಗೆ ಸಿಗುವ ಶಾಕ್ ಬರಿ ಭಾರದ ಸ್ಪ್ರಿಂಗ್. ನೀನು ತುಳಿದ ಬಲದಲ್ಲಿ ಒಂದು ಪಾಲು ಆ ಸ್ಪ್ರಿಂಗ್ ಕುಣಿಸುವುದಕ್ಕೇ ಹೋಗುತ್ತದೆ. ಎರಡು ವರ್ಷ ಕಳೆದರೆ ಅದು ಲಟಲಟ ಅನ್ನುತ್ತದೆ, ಬಿಡಿಭಾಗವೂ ಸಿಗುವುದಿಲ್ಲ. 21 ಗೇರ್ ಅಂದರೆ 21 ಬೇರೆ ಬೇರೆ ಗೇರ್ ಅಲ್ಲ. ಮುಂದೆ ಮೂರು, ಹಿಂದೆ ಏಳು, ಅವುಗಳಲ್ಲಿ ಎಷ್ಟೋ ಒಂದರ ಮೇಲೊಂದು ಬರುತ್ತವೆ. ನಿನ್ನ ದಾರಿಗೆ ಹಿಂದಿನ ಏಳೇ ಸಾಕು.

ಶಾಕ್ ಇಲ್ಲದ ಗಟ್ಟಿ ಫೋರ್ಕು, 700 × 35 ಅಥವಾ ಅದರ ಹತ್ತಿರದ ಟೈರು ಇರುವ ಹೈಬ್ರಿಡ್ ಸೈಕಲ್ ತೆಗೆದುಕೊಳ್ಳಿ. ರಿಮ್ಮಿಗೆ ಎರಡೂ ಕಡೆಯಿಂದ ರಬ್ಬರ್ ಒತ್ತುವ ವಿ-ಬ್ರೇಕ್ ಸಾಕು. ಚೆನ್ನಾಗಿ ಹಿಡಿಯುತ್ತದೆ, ಯಾವ ಅಂಗಡಿಯಲ್ಲಾದರೂ ರಬ್ಬರ್ ಸಿಗುತ್ತದೆ. ಅಗ್ಗದ ಡಿಸ್ಕ್ ಬ್ರೇಕನ್ನು ದಿನಾ ಸರಿಮಾಡುತ್ತಾ ಕೂರುವ ಮಕ್ಕಳನ್ನು ನೋಡಿದ್ದೇನೆ, ಪಾಪ ಅನ್ನಿಸುತ್ತದೆ.

ಅಳತೆ ನೋಡದೆ ಕೊಳ್ಳಬೇಡಿ. ಅಡ್ಡ ಪೈಪಿನ ಎರಡೂ ಕಡೆ ಕಾಲಿಟ್ಟು ನಿಂತಾಗ ಪೈಪಿಗೂ ಮೈಗೂ ನಡುವೆ ಎರಡು ಮೂರು ಬೆರಳಿನಷ್ಟಾದರೂ ಜಾಗ ಇರಬೇಕು. ಬೆಳೆಯುವ ಹುಡುಗ ಅಂತ ಎರಡು ಸೈಜ್ ದೊಡ್ಡದು ತರಬೇಡಿ. ಎಲ್ಲಾ ದುಡ್ಡನ್ನೂ ಸೈಕಲ್‌ಗೇ ಸುರಿಯಬೇಡಿ. ಹೆಲ್ಮೆಟ್, ಮುಂದೆ ಬಿಳಿ ಹಿಂದೆ ಕೆಂಪು ದೀಪ, ಮಡ್‌ಗಾರ್ಡ್, ಪಂಪ್, ಗಟ್ಟಿ ಬೀಗ ಇಷ್ಟಕ್ಕೆ ಮೊದಲೇ ಎತ್ತಿಡಿ. ಬೀಗ ಬರಿ ಮುಂದಿನ ಚಕ್ರಕ್ಕೆ ಹಾಕಿದರೆ ಚಕ್ರ ಉಳಿಯುತ್ತದೆ, ಸೈಕಲ್ ಹೋಗುತ್ತದೆ. ಹಿಂದಿನ ಚಕ್ರ, ಫ್ರೇಮು, ಕಂಬಿ ಮೂರೂ ಸೇರಬೇಕು. ಹೆಲ್ಮೆಟ್ ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಬಿಟ್ಟು ಮಟ್ಟವಾಗಿ ಕೂರಬೇಕು. ಹಣೆ ಪೂರ್ತಿ ಕಾಣುವಂತೆ ಹಿಂದಕ್ಕೆ ಸರಿಸಿಕೊಂಡರೆ ಹಾಕಿಯೂ ಪ್ರಯೋಜನವಿಲ್ಲ. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಬದಲಾಯಿಸಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಚೈನು ವಾರಕ್ಕೇ ಕೆಂಪಾಗುತ್ತದೆ. ಗ್ಯಾರೇಜಿನಲ್ಲಿ ಕೊಡುವ ಹಳೆ ಇಂಜಿನ್ ಆಯಿಲ್ ಸುರಿಯುತ್ತೇನೆ. ಆದರೂ ಕರಕರ ನಿಲ್ಲುತ್ತಿಲ್ಲ. ಬ್ರೇಕ್ ಹಿಡಿದರೆ ರಿಮ್ ಉಜ್ಜುವ ಸದ್ದು ಬೇರೆ.
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಆ ಹಳೆ ಆಯಿಲ್ ಇವತ್ತೇ ನಿಲ್ಲಿಸಿ, ದಯವಿಟ್ಟು. ಇಂಜಿನ್ನಿನಲ್ಲಿ ಸುಟ್ಟು, ಸವೆದ ಲೋಹದ ಪುಡಿಯನ್ನೆಲ್ಲಾ ಹೊತ್ತು ಹೊರಬಂದ ಎಣ್ಣೆ ಅದು. ಅದಕ್ಕೆ ಮಲೆನಾಡಿನ ರಸ್ತೆಯ ಸಣ್ಣ ಮರಳು ಅಂಟಿದರೆ ಚೈನಿಗೆ ಸಾಣೆ ಹಿಡಿದ ಹಾಗೆ. ಕರಕರ ಅನ್ನುವುದು ಅದೇ.

ಚೈನಿನ ಒಂದು ಕೊಂಡಿಯನ್ನು ಹತ್ತಿರದಿಂದ ನೋಡಿ. ಎರಡು ಪಟ್ಟಿ, ನಡುವೆ ಒಂದು ಪಿನ್ನು, ಪಿನ್ನಿನ ಸುತ್ತ ತಿರುಗುವ ಸಣ್ಣ ಉರುಳೆ. ಸವೆಯುವುದು ಆ ಪಿನ್ನಿನ ಸುತ್ತ. ಎಣ್ಣೆ ಬೇಕಾಗಿರುವುದೂ ಅಲ್ಲೇ. ಹೊರಗಿನ ಪಟ್ಟಿಗೆ ಎಷ್ಟು ಸುರಿದರೂ ಧೂಳು ಹಿಡಿಯುವುದು ಬಿಟ್ಟು ಬೇರೆ ಉಪಯೋಗವಿಲ್ಲ.

ಮೊದಲು ಚೈನನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಚಕ್ರದ ನಡುವಿನ ಹಬ್ಬಿಗೆ, ಡಿಸ್ಕ್ ಇದ್ದರೆ ಅದಕ್ಕೆ, ಒಂದು ಹನಿಯೂ ತಾಗಬಾರದು. ಕಪ್ಪು ನೀರು ನಿಲ್ಲುವ ತನಕ ಒರೆಸಿ. ಪೂರ್ತಿ ಒಣಗಲಿ. ಆಮೇಲೆ ಸೈಕಲ್ ಅಂಗಡಿಯಲ್ಲಿ ಸಿಗುವ ಚೈನ್ ಲೂಬ್, ಮಳೆಗಾಲಕ್ಕೆ ಅಂತಲೇ ಇರುವ ಸ್ವಲ್ಪ ಮಂದದ್ದು, ಒಂದೊಂದು ಉರುಳೆಗೆ ಒಂದೊಂದು ಹನಿ ಬಿಡಿ. ಪೆಡಲನ್ನು ಹಿಂದಕ್ಕೆ ಒಂದೆರಡು ನಿಮಿಷ ತಿರುಗಿಸಿ. ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಹೊರಗಿನದನ್ನೆಲ್ಲಾ ಒರೆಸಿ ತೆಗೆಯಿರಿ. ಮುಟ್ಟಿದರೆ ಕೈ ಕಪ್ಪಾಗಬಾರದು. ಲೂಬ್ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಹಾಕಬಹುದು, ಆದರೆ ತೆಳು, ಒಂದೇ ಮಳೆಗೆ ತೊಳೆದುಹೋಗುತ್ತದೆ, ಮತ್ತೆ ಮತ್ತೆ ಹಾಕಬೇಕು. ಕೊಬ್ಬರಿ ಎಣ್ಣೆ ಬೇಡ. ತುಕ್ಕು ಬಿಡಿಸುವ ಸ್ಪ್ರೇ ತುಕ್ಕು ಬಿಡಿಸಲು ಮಾತ್ರ, ಚೈನಿನಲ್ಲಿ ಎಣ್ಣೆಯ ಕೆಲಸ ಮಾಡುವುದಿಲ್ಲ.

ಇಷ್ಟು ದಿನ ಆ ಎಣ್ಣೆಯಲ್ಲಿ ಓಡಿದೆ, ಚೈನು ಉದ್ದವಾಗಿರಬಹುದು. ಒಂದು ಅಡಿಕೋಲು ತನ್ನಿ. ಸೈಕಲ್ ಚೈನಿನಲ್ಲಿ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ ಅದನ್ನು ಬಿಟ್ಟು ಎಣಿಸಿದ ಇಪ್ಪತ್ತನಾಲ್ಕನೆಯ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಚೈನು ಬದಲಾಯಿಸುವ ಕಾಲ ಬಂದಿದೆ. ಮೂರು ಮಿಲಿಮೀಟರ್ ಹೋಗಿದ್ದರೆ ಹಿಂದಿನ ಹಲ್ಲಿನ ಚಕ್ರಗಳೂ ಸವೆದಿರುತ್ತವೆ. ಸಕಾಲಕ್ಕೆ ಚೈನು ಒಂದನ್ನೇ ಹಾಕಿಸಿದರೆ ದೊಡ್ಡ ಖರ್ಚು ಉಳಿಯುತ್ತದೆ.

ಬ್ರೇಕಿನ ಸದ್ದಿಗೆ ರಬ್ಬರ್ ಬಿಚ್ಚಿ ನೋಡಿ. ಮರಳಿನ ಕಣ, ಅಲ್ಯೂಮಿನಿಯಂ ಚೂರು ರಬ್ಬರಿನಲ್ಲಿ ಹೂತುಕೊಂಡು ಹೊಳೆಯುತ್ತಿರುತ್ತವೆ. ಸೂಜಿಯಲ್ಲಿ ಕಿತ್ತು ಹಾಕಿ, ಮೈಯನ್ನು ಸ್ಯಾಂಡ್‌ಪೇಪರ್‌ನಲ್ಲಿ ಸ್ವಲ್ಪ ಉಜ್ಜಿ, ರಿಮ್ಮನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಹಾಗೇ ಬಿಟ್ಟರೆ ರಿಮ್ ಸವೆಯುತ್ತದೆ. ಮಳೆಯಲ್ಲಿ ಬ್ರೇಕ್ ಮೊದಲು ನೀರು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಸ್ವಲ್ಪ ಮೊದಲೇ ಹಗುರಾಗಿ ಹಿಡಿಯಲು ಶುರುಮಾಡಿ. ಪಾಚಿ ಕಟ್ಟಿದ ಕಾಂಕ್ರೀಟು, ರಸ್ತೆಯ ಬಿಳಿ ಪಟ್ಟಿ, ಒದ್ದೆ ಎಲೆ ಇದ್ದಲ್ಲಿ ತಿರುಗಿಸುವುದೂ ಬೇಡ, ಬ್ರೇಕೂ ಬೇಡ, ನೇರ ಹೋಗಿ.

ಬೈಕ್ ತೊಳೆಯುವ ಜೋರು ಪೈಪಿನ ನೀರನ್ನು ಸೈಕಲ್‌ಗೆ ಹಿಡಿಸಬೇಡಿ. ಹಬ್ಬಿನೊಳಗಿನ ಗ್ರೀಸ್ ತೊಳೆದುಹೋಗಿ ಗುಂಡುಗಳು ತುಕ್ಕು ಹಿಡಿಯುತ್ತವೆ. ಬಕೆಟ್ ನೀರು, ಬಟ್ಟೆ ಸಾಕು.

ಪ್ರಶ್ನೆ: ಬ್ಯಾಟರಿ ಸೈಕಲ್‌ಗೆ ಲೈಸೆನ್ಸ್ ಬೇಕಾ?
— ಬಳ್ಳಾರಿ

ಉತ್ತರ: ಮೋಟಾರು 250 ವಾಟ್ ಮೀರದೆ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದೆ ಇದ್ದರೆ ನೋಂದಣಿ, ಲೈಸೆನ್ಸ್ ಬೇಡ. ಅದಕ್ಕಿಂತ ಜಾಸ್ತಿ ಇರುವುದನ್ನು ಇದಕ್ಕೇನೂ ಬೇಡ ಅಂತ ಹೇಳಿ ಮಾರಿದರೆ ನಂಬಬೇಡಿ. ಹೆಲ್ಮೆಟ್ ಯಾವುದಕ್ಕಾದರೂ ಹಾಕಿ.

ಪ್ರಶ್ನೆ: ನಿವೃತ್ತ ನೌಕರ, 61 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸೈಕಲ್ ತುಳಿದರೆ ಸಕ್ಕರೆ ಬೇಗ ಇಳಿಯುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ. ಎಷ್ಟು ತುಳಿಯಬೇಕು?
— ದಾವಣಗೆರೆ

ಉತ್ತರ: ಹಿರಿಯರೇ, ಖಾಲಿ ಹೊಟ್ಟೆಯ ಮಾತನ್ನು ಮೊದಲು ಪಕ್ಕಕ್ಕಿಡಿ. ಸಕ್ಕರೆ ಬೇಗ ಇಳಿಯುವುದೇ ಅಪಾಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ದಾರಿಯಲ್ಲೇ ಸಕ್ಕರೆ ಕುಸಿದು ತಲೆ ತಿರುಗಬಹುದು. ಸೈಕಲ್ ಮೇಲೆ ಅದು ಬಿದ್ದು ಏಟಾಗುವ ವಿಷಯ. ನಿಮ್ಮ ಮಾತ್ರೆ ಯಾವುದು, ತುಳಿಯುವ ದಿನ ಪ್ರಮಾಣ ಬದಲಿಸಬೇಕಾ ಅಂತ ವೈದ್ಯರನ್ನು ಕೇಳಿ. ಕಣ್ಣು ಮತ್ತು ಹೃದಯದ ಪರೀಕ್ಷೆಯೂ ಆಗಿರಲಿ.

ಅವರು ಸರಿ ಅಂದ ಮೇಲೆ ವಾರಕ್ಕೆ ಒಟ್ಟು 150 ನಿಮಿಷ ಗುರಿ ಇಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಕನಿಷ್ಠ ಪ್ರಮಾಣ ಅದು. ಅಂದರೆ ವಾರಕ್ಕೆ ಐದು ದಿನ ಅರ್ಧ ಗಂಟೆ. ಮೊದಲ ವಾರ ಹದಿನೈದು ನಿಮಿಷವೇ ಸಾಕು. ಪಕ್ಕದವರ ಜೊತೆ ಮಾತಾಡಬಹುದು, ಆದರೆ ಹಾಡು ಹೇಳಲು ಆಗುವುದಿಲ್ಲ ಅನ್ನುವಷ್ಟು ಉಸಿರು ಏರಬೇಕು. ಹೊರಡುವ ಮೊದಲು ಮೀಟರ್‌ನಲ್ಲಿ ನೋಡಿದಾಗ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಬೆವರು, ನಡುಕ, ಕಣ್ಣು ಮಂಜು ಅನ್ನಿಸಿದರೆ ಕೂಡಲೇ ಇಳಿದು ಆ ಪುಡಿ ಮೂರು ಚಮಚ ತೆಗೆದು, ನೀರಿನಲ್ಲಿ ಕಲಸಿ ಕುಡಿಯಿರಿ, ಹದಿನೈದು ನಿಮಿಷ ಕೂತು ಮತ್ತೆ ಪರೀಕ್ಷಿಸಿ. ಚಪ್ಪಲಿಯಲ್ಲಿ ತುಳಿಯಬೇಡಿ. ಬೆರಳು ಮುಚ್ಚುವ ಶೂ ಹಾಕಿ, ಮನೆಗೆ ಬಂದು ಪಾದದ ಅಡಿ ನೋಡಿಕೊಳ್ಳಿ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಗಾಯವಾದರೂ ಗೊತ್ತಾಗುವುದಿಲ್ಲ.

ಸೈಕಲ್ ಹೃದಯಕ್ಕೂ ಕಾಲಿಗೂ ಒಳ್ಳೆಯದು, ಆದರೆ ಮೂಳೆಗೆ ಅಷ್ಟು ಕೆಲಸ ಕೊಡುವುದಿಲ್ಲ, ಮೈಭಾರವೆಲ್ಲಾ ಸೀಟಿನ ಮೇಲಿರುತ್ತದಲ್ಲ. ಸಂಜೆ ಸ್ವಲ್ಪ ನಡೆಯಿರಿ.

ಪ್ರಶ್ನೆ: ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ ಕೊಟ್ಟಿಗೆಯಲ್ಲಿ ನಿಂತು ವರ್ಷಗಳಾದವು. ಅವಳು ಈಗ ಹಾಸ್ಟೆಲ್‌ನಲ್ಲಿದ್ದಾಳೆ. ಡೈರಿಗೆ ಹಾಲು ಹಾಕಲು ಎರಡು ಕಿಲೋಮೀಟರ್ ನಡೆಯುತ್ತೇನೆ. ನನಗೆ ಸೈಕಲ್ ಬರುವುದಿಲ್ಲ, 38 ವರ್ಷ. ಈಗ ಕಲಿಯಬಹುದಾ? ಆ ಸೈಕಲ್ ಸರಿ ಹೋಗುತ್ತದಾ?
— ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಖಂಡಿತ ಕಲಿಯಬಹುದು ಅಕ್ಕ. ನಿಮ್ಮ ಪತ್ರ ಓದಿ ನನಗೆ ತುಂಬಾ ಖುಷಿಯಾಯಿತು.

ಸೈಕಲ್ಲಿನ ಗಟ್ಟಿ ಭಾಗ ಫ್ರೇಮು. ಅದಕ್ಕೆ ಬಿರುಕು, ತೂತು ಬೀಳುವಷ್ಟು ತುಕ್ಕು ಇಲ್ಲದಿದ್ದರೆ ಉಳಿದದ್ದೆಲ್ಲಾ ಸರಿಯಾಗುತ್ತದೆ. ಹತ್ತಿರದ ಅಂಗಡಿಯಲ್ಲಿ ಪೂರ್ತಿ ಓವರ್‌ಹಾಲ್ ಮಾಡಿಸಿ. ಎರಡೂ ಹಬ್, ಪೆಡಲಿನ ನಡುವಿನ ಭಾಗ, ಹ್ಯಾಂಡಲ್ ಬಿಚ್ಚಿ ಗುಂಡು ತೊಳೆದು ಹೊಸ ಗ್ರೀಸ್ ತುಂಬಬೇಕು. ಟೈರು ಬಗ್ಗಿಸಿದಾಗ ಪಕ್ಕದಲ್ಲಿ ಬಿರುಕು ಕಂಡರೆ ಬದಲಾಯಿಸಿ. ಬ್ರೇಕ್ ರಬ್ಬರ್ ಕಲ್ಲಾಗಿರುತ್ತದೆ, ನೋಡುವುದೇ ಬೇಡ, ಹೊಸದು ಹಾಕಿಸಿ. ಬ್ರೇಕಿನ ವಯರೂ ಅಷ್ಟೇ.

ಟೈರ್ ತರಲು ಬೇರೆಯವರನ್ನು ಪೇಟೆಗೆ ಕಳಿಸಿದರೆ ಹಳೆ ಟೈರಿನ ಮೇಲಿನ ಅಂಕಿ ಬರೆದು ಕಳಿಸಿ. 26 ಇಂಚು ಅಂತ ಮಾತ್ರ ಹೇಳಿದರೆ ಕೆಡುತ್ತದೆ. 26 × 1 3/8 ಟೈರಿನ ರಿಮ್ 590 ಮಿಲಿಮೀಟರ್, ಗೇರ್ ಸೈಕಲ್ಲಿನ 26 × 1.95 ಟೈರಿನದು 559. ಎರಡೂ 26 ಅನ್ನಿಸಿಕೊಂಡರೂ ಒಂದರ ಟೈರ್ ಇನ್ನೊಂದಕ್ಕೆ ಕೂರುವುದಿಲ್ಲ.

ಕಲಿಯುವಾಗ ಹಿಂದಿನಿಂದ ಯಾರೋ ಹಿಡಿದುಕೊಂಡು ಓಡುವುದು ಬೇಡ. ಎರಡೂ ಪೆಡಲ್ ಬಿಚ್ಚಿಸಿ. ಬಲಗಡೆಯದು ಎಲ್ಲಾ ನಟ್ಟಿನ ಹಾಗೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಎಡಗಡೆಯದು ಉಲ್ಟಾ, ಬಲಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಬಲ ಹಾಕಿದರೆ ಇನ್ನೂ ಬಿಗಿಯಾಗುತ್ತದೆ. ಸೀಟು ಪೂರ್ತಿ ಇಳಿಸಿ, ಎರಡೂ ಪಾದ ಚೆನ್ನಾಗಿ ನೆಲಕ್ಕೆ ಊರಲಿ. ಮೇಲೆ ಮೈಸೂರಿನವರಿಗೆ ಸೀಟು ಏರಿಸಿ ಅಂದೆ, ಅದು ಕಲಿತವರಿಗೆ. ಶಾಲೆಯ ಬಯಲಿನಲ್ಲಿ ಕೂತು ಕಾಲಲ್ಲಿ ನೆಲ ಒದ್ದು ಒದ್ದು ಮುಂದಕ್ಕೆ ಹೋಗಿ. ಕಣ್ಣು ಚಕ್ರದ ಮೇಲೆ ಬೇಡ, ಹತ್ತು ಹದಿನೈದು ಅಡಿ ಮುಂದಿರಲಿ. ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಿದರೆ ಸೈಕಲ್ ಎದ್ದು ನಿಲ್ಲುತ್ತದೆ. ಎರಡೂ ಕಾಲೆತ್ತಿ ಸ್ವಲ್ಪ ದೂರ ತೇಲಿಕೊಂಡು ಹೋಗಲು ಬಂದ ದಿನ ಪೆಡಲ್ ಹಾಕಿಸಿ. ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಲು ಹೇಳಿ, ಸ್ಪ್ಯಾನರಿನಲ್ಲೇ ಶುರುಮಾಡಿದರೆ ತಿರುಪಿನ ಗೆರೆಗಳು ಹಾಳಾಗುತ್ತವೆ.

ಸೀರೆಯಲ್ಲಿ ತುಳಿಯುವುದಾದರೆ ಚೈನಿಗೆ ಪೂರ್ತಿ ಕವರ್, ಹಿಂದಿನ ಚಕ್ರದ ಎರಡೂ ಕಡೆ ಜಾಲರಿ ಹಾಕಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಹಾಲಿನ ಕ್ಯಾನನ್ನು ಹ್ಯಾಂಡಲ್‌ಗೆ ತೂಗುಹಾಕಬೇಡಿ. ತೂಗಾಡಿದರೆ ಹ್ಯಾಂಡಲ್ ಎಳೆಯುತ್ತದೆ, ಚಕ್ರಕ್ಕೂ ಸಿಗುತ್ತದೆ. ಕ್ಯಾರಿಯರ್ ಮೇಲೆ ರಬ್ಬರ್ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ. ಮೊದಲು ಕೆಲವು ದಿನ ಖಾಲಿ ಕ್ಯಾನ್ ಇಟ್ಟುಕೊಂಡು ಓಡಿಸಿ ನೋಡಿ.

ಪ್ರಶ್ನೆ: ಇಂಜಿನಿಯರಿಂಗ್ ವಿದ್ಯಾರ್ಥಿ. ಮೊದಲ ಸಲ 200 ಕಿಲೋಮೀಟರ್ ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡಬೇಕು. ಇದುವರೆಗೆ 80 ಕಿಲೋಮೀಟರ್ ತುಳಿದಿದ್ದೇನೆ. ಆಗುತ್ತದಾ? ಏನು ತಿನ್ನಲಿ?
— ಹುಬ್ಬಳ್ಳಿ

ಉತ್ತರ: ಆಗುತ್ತದೆ ತಮ್ಮಾ. 200ಕ್ಕೆ ಸಿಗುವುದು ಹದಿಮೂರೂವರೆ ಗಂಟೆ, ಊಟ, ಪಂಚರ್, ವಿಶ್ರಾಂತಿ ಎಲ್ಲಾ ಸೇರಿ. ಅಂದರೆ ಗಂಟೆಗೆ ಸರಾಸರಿ 15 ಕಿಲೋಮೀಟರ್. ಇದು ರೇಸ್ ಅಲ್ಲ, ಜೋರಾಗಿ ಹೋಗುವವರ ಹಿಂದೆ ಬೀಳಬೇಡ. ಒಂದೂವರೆ ತಿಂಗಳು ಭಾನುವಾರದ ದೂರವನ್ನು ಸ್ವಲ್ಪ ಸ್ವಲ್ಪ ಏರಿಸುತ್ತಾ 120 ಮುಟ್ಟು. ಆ ದಿನ ಯಾವ ಬಟ್ಟೆ, ಯಾವ ಸೀಟು, ಯಾವ ತಿಂಡಿಯೋ ಬ್ರೆವೆ ದಿನವೂ ಅದೇ ಇರಲಿ. ಹೊಸದೇನೂ ಬೇಡ. ಪ್ಯಾಡ್ ಇರುವ ಚಡ್ಡಿ ಹಾಕುವುದಾದರೆ ಒಳಗೆ ಬೇರೆ ಒಳಉಡುಪು ಹಾಕಬೇಡ, ಹೊಲಿಗೆ ಉಜ್ಜಿ ಹುಣ್ಣಾಗುತ್ತದೆ.

ಹಸಿವಾದ ಮೇಲೆ ತಿನ್ನುವುದು ತಡವಾಯಿತು ಅಂತಲೇ ಲೆಕ್ಕ. ಮೊದಲ ಗಂಟೆಯಿಂದಲೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೋಗಬೇಕು. ಒಂದು ಸಾಧಾರಣ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ಶೇಂಗಾ ಚಿಕ್ಕಿ, ಬೆಲ್ಲ, ಖರ್ಜೂರ ಎಲ್ಲಾ ನಡೆಯುತ್ತದೆ. ಮಧ್ಯಾಹ್ನಕ್ಕೆ ಮೊಸರನ್ನ ಒಳ್ಳೆಯದು, ಎಣ್ಣೆಯ ಮಿರ್ಚಿ ಮುಗಿಸಿ ಬಂದ ಮೇಲೆ ತಿನ್ನು. ಬರಿ ನೀರು ಕುಡಿಯುತ್ತಾ ಹೋಗಬೇಡ, ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ. ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡು ಟ್ಯೂಬ್, ಪ್ಯಾಚ್, ಪಂಪ್, ಚೈನ್ ಕತ್ತರಿಸುವ ಸಾಧನ, ಮುಂದೆ ಹಿಂದೆ ದೀಪ, ಹೊಳೆಯುವ ಜಾಕೆಟ್ ಜೊತೆಗಿರಲಿ. ಟ್ಯೂಬ್ ಬದಲಾಯಿಸುವುದನ್ನು ಹೊರಡುವ ಮುಂಚೆ ಮನೆಯಲ್ಲೇ ಎರಡು ಮೂರು ಸಲ ಮಾಡಿ ಕೈ ಪಳಗಿಸಿಕೋ.